ವಿಮಾನ ನಿಲ್ದಾಣಕ್ಕೆ ಎಷ್ಟು ಹೆಸರು, ಯಾವ ದರ್ಜೆ?

2019ರ ಏಪ್ರಿಲ್ 6ರ ನಸುಕಿನಲ್ಲಿ ಇಸ್ತಾಂಬುಲ್ ನಗರದ ಎರಡು ವಿಮಾನ ನಿಲ್ದಾಣಗಳು ತಮ್ಮ ಮೂರಕ್ಷರದ ಕೋಡ್‌ಗಳನ್ನು ಅದಲುಬದಲು ಮಾಡಿಕೊಂಡವು. ದಶಕಗಳಿಂದ ಅತಾತುರ್ಕ್ ನಿಲ್ದಾಣದ ಗುರುತಾಗಿದ್ದ ‘ಐಎಸ್‌ಟಿ’ ನಗರದ ಉತ್ತರಕ್ಕೆ, ಕಪ್ಪು ಸಮುದ್ರದ ದಡಕ್ಕೆ ಹತ್ತಿರದಲ್ಲಿ ಕಟ್ಟಿದ ಹೊಸ ನಿಲ್ದಾಣಕ್ಕೆ ಹೋಯಿತು. ಹೊಸ ನಿಲ್ದಾಣ ಅಲ್ಲಿಯವರೆಗೆ ಬಳಸುತ್ತಿದ್ದ ‘ಐಎಸ್‌ಎಲ್’ ಹಳೆಯದರ ಪಾಲಿಗೆ ಬಂತು. ಟಿಕೆಟ್ ಕಾಯ್ದಿರಿಸಿದವರಿಗೆ ಏನೂ ಬದಲಾದಂತೆ ಕಾಣಲಿಲ್ಲ, ಏಕೆಂದರೆ ಅವರ ಚೀಟಿಯಲ್ಲಿದ್ದ ಮೂರಕ್ಷರಗಳು ಹಾಗೆಯೇ ಇದ್ದವು. ಆ ಅಕ್ಷರಗಳು ತೋರಿಸುತ್ತಿದ್ದ ನೆಲ ಮಾತ್ರ ಬೇರೆಯಾಗಿತ್ತು. ಆದರೆ ಪೈಲಟ್‌ಗಳೂ ವಾಯು ಸಂಚಾರ ನಿಯಂತ್ರಕರೂ ಬಳಸುವ ನಾಲ್ಕಕ್ಷರದ ಗುರುತುಗಳು ಕದಲಲಿಲ್ಲ. ಅತಾತುರ್ಕ್ ಅಂದಿಗೂ ಇಂದಿಗೂ ‘ಎಲ್‌ಟಿಬಿಎ’, ಹೊಸ ನಿಲ್ದಾಣ ಮೊದಲಿನಿಂದಲೂ ‘ಎಲ್‌ಟಿಎಫ್‌ಎಂ’.

ವಿಮಾನ ನಿಲ್ದಾಣಗಳ ಕೋಡ್‌ಗಳ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಈ ಒಂದು ರಾತ್ರಿಯ ಬದಲಾವಣೆಯಲ್ಲಿ ಅಡಗಿದೆ. ಮೂರಕ್ಷರದ ಕೋಡ್ ವ್ಯಾಪಾರವನ್ನು ಹಿಂಬಾಲಿಸುತ್ತದೆ, ನಾಲ್ಕಕ್ಷರದ್ದು ನೆಲಕ್ಕೆ ಅಂಟಿಕೊಂಡಿರುತ್ತದೆ. ‘ಪ್ರೈಮರಿ’, ‘ದೊಡ್ಡ ಹಬ್’, ‘ಮೇಜರ್’, ‘ಮೂರನೇ ಹಂತ’, ‘4ಇ’, ‘ಅಂತರರಾಷ್ಟ್ರೀಯ’ ಎಂಬ ದರ್ಜೆಗಳ ವಿಷಯದಲ್ಲೂ ಹೀಗೆಯೇ. ಪ್ರತಿಯೊಂದು ಹಣೆಪಟ್ಟಿಯ ಹಿಂದೆ ಯಾವುದೋ ಒಂದು ಕಚೇರಿ ತನ್ನ ಕೆಲಸಕ್ಕಾಗಿ ಕೇಳಿಕೊಂಡ ಪ್ರಶ್ನೆಯಿದೆ. ಆ ಪ್ರಶ್ನೆ ಯಾವುದೆಂದು ತಿಳಿಯದೆ ಉತ್ತರವನ್ನಷ್ಟೇ ಎತ್ತಿಕೊಂಡು ಹೋಲಿಸುವುದರಿಂದಲೇ ನಿಲ್ದಾಣಗಳ ಬಗೆಗಿನ ಸಾರ್ವಜನಿಕ ಚರ್ಚೆ ಪದೇಪದೇ ದಾರಿ ತಪ್ಪುತ್ತದೆ.

ಮೂರಕ್ಷರದ ಕೋಡ್ ಕೊಡುವುದು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಎಟಿಎ. ಇದು 1945ರ ಏಪ್ರಿಲ್‌ನಲ್ಲಿ ಹವಾನಾದಲ್ಲಿ ಹುಟ್ಟಿದ, ವಿಮಾನಯಾನ ಸಂಸ್ಥೆಗಳ ಒಕ್ಕೂಟ, ಸರ್ಕಾರಗಳದ್ದಲ್ಲ. ನಾಲ್ಕಕ್ಷರದ ಗುರುತಿನ ವ್ಯವಸ್ಥೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯದು, ಅಂದರೆ ಐಸಿಎಒದ್ದು. 1944ರ ಡಿಸೆಂಬರ್‌ನಲ್ಲಿ ಸಹಿಯಾದ ಷಿಕಾಗೋ ಒಪ್ಪಂದದಿಂದ ರೂಪುಗೊಂಡು 1947ರಲ್ಲಿ ಅಸ್ತಿತ್ವಕ್ಕೆ ಬಂದ ಇದು ವಿಶ್ವಸಂಸ್ಥೆಯ ಅಂಗಸಂಸ್ಥೆ, ಇದರ ಸದಸ್ಯರು ರಾಷ್ಟ್ರಗಳು. ಎರಡರ ಕೇಂದ್ರ ಕಚೇರಿಯೂ ಕೆನಡಾದ ಮಾಂಟ್ರಿಯಲ್ ನಗರದಲ್ಲಿಯೇ ಇದ್ದರೂ ಎರಡರ ಕಣ್ಣೂ ಬೇರೆ. ಟಿಕೆಟ್, ಲಗೇಜ್ ಚೀಟಿ, ದರಪಟ್ಟಿ, ವೇಳಾಪಟ್ಟಿ ಮೊದಲನೆಯದರ ಲೋಕ. ಹಾರಾಟದ ಯೋಜನೆ, ಹವಾಮಾನ ವರದಿ, ಪೈಲಟ್‌ಗಳಿಗೆ ಹೊರಡಿಸುವ ಸೂಚನೆಗಳು ಎರಡನೆಯದರ ಲೋಕ.

ಮೂರಕ್ಷರದ ಕೋಡ್‌ಗಳನ್ನು ಯಾರೂ ಕುಳಿತು ಯೋಜಿಸಿ ರೂಪಿಸಲಿಲ್ಲ, ಅವು ಬೆಳೆದುಬಂದವು. 1930ರ ದಶಕದಲ್ಲಿ ಅಮೆರಿಕದ ವಿಮಾನ ಸಂಸ್ಥೆಗಳು ಹವಾಮಾನ ಇಲಾಖೆ ನಗರಗಳಿಗೆ ಕೊಟ್ಟಿದ್ದ ಎರಡಕ್ಷರದ ಗುರುತುಗಳನ್ನೇ ಎರವಲು ಪಡೆದಿದ್ದವು. ಎರಡಕ್ಷರದಿಂದ ಆಗುವುದು ಒಟ್ಟು 676 ಜೋಡಣೆ ಮಾತ್ರ. ಮೂರಕ್ಷರಕ್ಕೆ ಏರಿದಾಗ ಅದು 17,576 ಆಯಿತು. ಆ ಹೊತ್ತಿಗೆ ‘ಎಲ್‌ಎ’ ಆಗಿದ್ದ ಲಾಸ್ ಏಂಜಲೀಸ್ ಕೊನೆಗೊಂದು ಅಕ್ಷರ ಅಂಟಿಸಿಕೊಂಡು ‘ಎಲ್‌ಎಎಕ್ಸ್’ ಆಯಿತು, ಪೋರ್ಟ್‌ಲ್ಯಾಂಡ್ ‘ಪಿಡಿಎಕ್ಸ್’ ಆಯಿತು. ಆ ಎಕ್ಸ್‌ಗೆ ಯಾವ ಗೂಢಾರ್ಥವೂ ಇಲ್ಲ, ಅದು ಖಾಲಿ ಜಾಗ ತುಂಬಲು ಬಂದ ಅಕ್ಷರ. ದುಬೈನ ‘ಡಿಎಕ್ಸ್‌ಬಿ’ಯಲ್ಲಿಯೂ ಎಕ್ಸ್ ಇದೆ; ‘ಡಿಯುಬಿ’ ಐರ್ಲೆಂಡಿನ ಡಬ್ಲಿನ್‌ಗೆ ಸೇರಿದ್ದು. ಕೆಲವು ಅಕ್ಷರಗಳ ಮೇಲೆ ಬೇರೆಯವರ ಹಕ್ಕೂ ಇತ್ತು. ಎನ್ ಅಕ್ಷರದಿಂದ ಶುರುವಾಗುವ ಕೋಡ್‌ಗಳನ್ನು ಅಮೆರಿಕದ ನೌಕಾಪಡೆ ತನಗಾಗಿ ಕಾಯ್ದಿರಿಸಿಕೊಂಡಿದ್ದರಿಂದ ನ್ಯೂವರ್ಕ್ ತನ್ನ ಹೆಸರಿನ ಮೊದಲಕ್ಷರವನ್ನೇ ಬಿಟ್ಟು ಒಳಗಿನ ಅಕ್ಷರಗಳಿಂದ ‘ಇಡಬ್ಲ್ಯೂಆರ್’ ಎಂದು ಕಟ್ಟಿಕೊಂಡಿತು.

ನೆಲದ ಹಳೆಯ ಕಥೆ ಈ ಅಕ್ಷರಗಳಲ್ಲಿ ಉಳಿದುಕೊಂಡಿರುವ ರೀತಿ ನನಗೆ ಈ ವಿಷಯದಲ್ಲೇ ಅತ್ಯಂತ ಪ್ರಿಯವಾದ ಭಾಗ. ಷಿಕಾಗೋದ ಓಹೇರ್ ನಿಲ್ದಾಣದ ‘ಒಆರ್‌ಡಿ’ಯಲ್ಲಿ ಓಹೇರ್ ಎಂಬ ಹೆಸರಿನ ಸುಳಿವಿಲ್ಲ, ಏಕೆಂದರೆ 1949ರಲ್ಲಿ ಆ ಹೆಸರು ಬರುವ ಮೊದಲು ಅದು ಆರ್ಚರ್ಡ್ ಫೀಲ್ಡ್ ಆಗಿತ್ತು. ಆರ್ಲ್ಯಾಂಡೊದ ‘ಎಂಸಿಒ’ ಮೆಕಾಯ್ ವಾಯುನೆಲೆಯ ನೆನಪು. ನ್ಯೂ ಆರ್ಲಿಯನ್ಸ್‌ನ ‘ಎಂಎಸ್‌ವೈ’ ಇನ್ನೂ ಹಿಂದಕ್ಕೆ ಹೋಗುತ್ತದೆ: 1910ರ ಕೊನೆಯ ದಿನ ಅಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಜಾನ್ ಮೊಯಿಸಾಂಟ್ ಎಂಬ ವೈಮಾನಿಕನ ಹೆಸರು ಆ ಜಾಗದ ದನದ ದೊಡ್ಡಿಗೆ ಬಂದು, ಮೊಯಿಸಾಂಟ್ ಸ್ಟಾಕ್ ಯಾರ್ಡ್ಸ್ ಎಂಬ ಆ ಹೆಸರೇ ಮೂರಕ್ಷರವಾಗಿ ಉಳಿಯಿತು. ನಿಲ್ದಾಣಕ್ಕೆ ಈಗ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹೆಸರಿದ್ದರೂ ಲಗೇಜ್ ಚೀಟಿಯ ಮೇಲೆ ಆ ದೊಡ್ಡಿಯೇ ಇದೆ.

ನಗರಗಳ ಹೆಸರು ಬದಲಾದಾಗಲೂ ಕೋಡ್ ಹಾಗೆಯೇ ಉಳಿಯುತ್ತದೆ. ಸೇಂಟ್ ಪೀಟರ್ಸ್‌ಬರ್ಗ್ ಇಂದಿಗೂ ಲೆನಿನ್‌ಗ್ರಾಡಿನ ‘ಎಲ್‌ಇಡಿ’, ಹೋ ಚಿ ಮಿನ್ ನಗರ ಇಂದಿಗೂ ಸೈಗಾನಿನ ‘ಎಸ್‌ಜಿಎನ್’, ಬೀಜಿಂಗ್‌ನ ರಾಜಧಾನಿ ನಿಲ್ದಾಣ ‘ಪಿಇಕೆ’, ಮುಂಬೈ ‘ಬಿಒಎಂ’. ಇದು ಉದಾಸೀನದಿಂದ ಆದದ್ದೆಂದು ಭಾವಿಸಬಾರದು. ಒಮ್ಮೆ ಕೊಟ್ಟ ಕೋಡ್ ಶಾಶ್ವತವೆಂದೂ, ಬದಲಿಸಲು ಸುರಕ್ಷತೆಯಂತಹ ಬಲವಾದ ಕಾರಣ ಬೇಕೆಂದೂ ಐಎಟಿಎ ನಿಯಮವೇ ಹೇಳುತ್ತದೆ. ಲಕ್ಷಾಂತರ ಟಿಕೆಟ್‌ಗಳು, ಲಗೇಜ್ ವಿಂಗಡಿಸುವ ಯಂತ್ರಗಳು, ದರ ಲೆಕ್ಕ ಹಾಕುವ ತಂತ್ರಾಂಶಗಳು ಆ ಮೂರಕ್ಷರವನ್ನೇ ನಂಬಿರುತ್ತವೆ. ಆದರೂ ವಿನಾಯಿತಿಗಳಿವೆ. ನ್ಯೂಯಾರ್ಕ್‌ನ ಐಡ್ಲ್‌ವೈಲ್ಡ್ ನಿಲ್ದಾಣ ಅಧ್ಯಕ್ಷ ಕೆನಡಿಯವರ ಹತ್ಯೆಯ ಮರುತಿಂಗಳು, 1963ರ ಡಿಸೆಂಬರ್‌ನಲ್ಲಿ, ‘ಐಡಿಎಲ್’ ತೊರೆದು ‘ಜೆಎಫ್‌ಕೆ’ ಆಯಿತು. ಕಜಕಿಸ್ತಾನದ ರಾಜಧಾನಿಯ ನಿಲ್ದಾಣ ಸೋವಿಯತ್ ಕಾಲದ ತ್ಸೆಲಿನೊಗ್ರಾಡ್‌ನಿಂದ ಬಂದ ‘ಟಿಎಸ್‌ಇ’ಯನ್ನು 2020ರಲ್ಲಿ ಬಿಟ್ಟು ‘ಎನ್‌ಕ್ಯೂಝಡ್’ ಪಡೆಯಿತು. ಆಗ ನಗರದ ಹೆಸರು ನೂರ್‌ಸುಲ್ತಾನ್. 2022ರಲ್ಲಿ ನಗರ ಮತ್ತೆ ಅಸ್ತಾನಾ ಆಯಿತು, ಕೋಡ್ ಮಾತ್ರ ಹಿಂದಿರುಗಲಿಲ್ಲ. ಹೆಸರಿನ ಬೆನ್ನು ಹತ್ತಿದ ಕೋಡ್ ಎಷ್ಟು ಬೇಗ ಹಳತಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು, ಮತ್ತು ಬದಲಿಸದಿರುವ ನಿಯಮವೇ ವಿವೇಕದ್ದೆಂದು ನನಗೆ ತೋರುವುದೂ ಇದೇ ಕಾರಣಕ್ಕೆ.

ನಾಲ್ಕಕ್ಷರದ ಗುರುತಿಗೆ ಇಂತಹ ನೆನಪುಗಳ ಭಾರವಿಲ್ಲ, ಅದು ನಕ್ಷೆಯಂತೆ ಓದಿಸಿಕೊಳ್ಳುತ್ತದೆ. ಮೊದಲ ಅಕ್ಷರ ಜಗತ್ತಿನ ಒಂದು ವಲಯವನ್ನು, ಎರಡನೆಯದು ಸಾಮಾನ್ಯವಾಗಿ ದೇಶವನ್ನೋ ದೇಶದ ಒಂದು ಭಾಗವನ್ನೋ, ಉಳಿದವು ನಿಲ್ದಾಣವನ್ನು ಸೂಚಿಸುತ್ತವೆ. ಉತ್ತರ ಯೂರೋಪ್ ‘ಇ’, ದಕ್ಷಿಣ ಯೂರೋಪ್ ‘ಎಲ್’, ಭಾರತವೂ ಸೇರಿದ ದಕ್ಷಿಣ ಏಷ್ಯಾದ ಬಹುಭಾಗ ‘ವಿ’. ಭಾರತದ ಒಳಗೆ ‘ವಿಐ’ ಉತ್ತರ, ‘ವಿಎ’ ಪಶ್ಚಿಮ, ‘ವಿಇ’ ಪೂರ್ವ, ‘ವಿಒ’ ದಕ್ಷಿಣ. ಹೀಗಾಗಿ ದೆಹಲಿ ‘ವಿಐಡಿಪಿ’, ಚೆನ್ನೈ ‘ವಿಒಎಂಎಂ’. ದೊಡ್ಡ ದೇಶಗಳಿಗೆ ಒಂದೇ ಅಕ್ಷರವೂ ಸಾಕಾಗುತ್ತದೆ: ಅಮೆರಿಕದ ಮುಖ್ಯಭೂಮಿಗೆ ‘ಕೆ’, ಕೆನಡಾಕ್ಕೆ ‘ಸಿ’, ಆಸ್ಟ್ರೇಲಿಯಾಕ್ಕೆ ‘ವೈ’. ಐ, ಜೆ, ಎಕ್ಸ್ ಅಕ್ಷರಗಳು ಮೊದಲ ಸ್ಥಾನದಲ್ಲಿ ಬರುವುದಿಲ್ಲ. ಕ್ಯೂ ಕೂಡ ಬರುವುದಿಲ್ಲ, ಏಕೆಂದರೆ ತಂತಿಯ ಕಾಲದಿಂದ ಬಂದ ಕ್ಯೂ ಸಂಕೇತಗಳು ವೈಮಾನಿಕ ಸಂಪರ್ಕದಲ್ಲಿ ಇಂದಿಗೂ ಬಳಕೆಯಲ್ಲಿವೆ. ಪೈಲಟ್ ಕೇಳುವ ‘ಕ್ಯೂಎನ್‌ಎಚ್’ ಎಂಬ ವಾಯುಭಾರದ ಅಂಕಿ ಅಂಥದ್ದೊಂದು. ಸೋವಿಯತ್ ಒಕ್ಕೂಟದ ಬಹುಭಾಗ ಇಂದಿಗೂ ‘ಯು’ ವಲಯದಲ್ಲಿದ್ದರೆ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ‘ಇ’ ವಲಯದಲ್ಲಿವೆ. ನಕ್ಷೆಯಂತೆ ಕಾಣುವ ಈ ಪಟ್ಟಿಯೂ ರಾಜಕೀಯದಿಂದ ಪೂರ್ತಿ ದೂರವಿಲ್ಲ.

ಲಾಸ್ ಏಂಜಲೀಸ್ ‘ಕೆಎಲ್‌ಎಎಕ್ಸ್’, ಟೊರಾಂಟೊ ‘ಸಿವೈವೈಝಡ್’ ಎಂಬುದನ್ನು ಕಂಡವರು ಮೂರಕ್ಷರದ ಮುಂದೆ ಒಂದು ಅಕ್ಷರ ಸೇರಿಸಿದರೆ ನಾಲ್ಕಕ್ಷರದ್ದು ಸಿಗುತ್ತದೆಂದು ತಿಳಿಯುವುದುಂಟು. ಇದು ಉತ್ತರ ಅಮೆರಿಕದ ಹೆಚ್ಚಿನ ದೊಡ್ಡ ನಿಲ್ದಾಣಗಳಿಗಷ್ಟೇ ಒಪ್ಪುವ ಮಾತು. ‘ಎಲ್‌ಎಚ್‌ಆರ್’ ಆದ ಲಂಡನ್ ಹೀಥ್ರೂವಿನ ಇನ್ನೊಂದು ಗುರುತು ‘ಇಜಿಎಲ್‌ಎಲ್’. ಒಂದರಿಂದ ಇನ್ನೊಂದನ್ನು ಊಹಿಸಲಾಗದು.

ಮೂರಕ್ಷರದ ಪಟ್ಟಿಯಲ್ಲಿ ನಿಲ್ದಾಣಗಳ ಜೊತೆಗೆ ನಗರಗಳಿಗೂ ಕೋಡ್‌ಗಳಿವೆ. ‘ಎಲ್‌ಒಎನ್’ ಎಂದರೆ ಯಾವ ನಿಲ್ದಾಣವೂ ಅಲ್ಲ. ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್ ಎಲ್ಲವೂ ಅದರ ಅಡಿಯಲ್ಲಿ ಬರುತ್ತವೆ. ಟಿಕೆಟ್ ಹುಡುಕುವಾಗ ನಗರದ ಕೋಡ್ ಕೊಟ್ಟವರಿಗೆ ಇಳಿಯುವ ನಿಲ್ದಾಣ ಒಂದು, ಮುಂದಿನ ವಿಮಾನ ಹತ್ತುವ ನಿಲ್ದಾಣ ಇನ್ನೊಂದು ಆಗಿ, ನಡುವೆ ಗಂಟೆಗಟ್ಟಲೆ ರಸ್ತೆ ಪ್ರಯಾಣ ಬೀಳಬಹುದು. ಒಂದೇ ನಗರಕ್ಕೆ ಎರಡನೇ ನಿಲ್ದಾಣ ತೆರೆಯುವುದು ಹೆಚ್ಚುತ್ತಿರುವ ಈ ದಿನಗಳಲ್ಲಿ ನಗರದ ಹೆಸರಿಗಿಂತ ಮೂರಕ್ಷರವನ್ನು ನೋಡುವ ಅಭ್ಯಾಸ ಪ್ರಯಾಣಿಕರಿಗೆ ನಿಜಕ್ಕೂ ಅಗತ್ಯ. ಗೋವಾದಲ್ಲಿ ದಾಬೋಲಿಂ ‘ಜಿಒಐ’ ಆದರೆ, 2023ರ ಜನವರಿಯಲ್ಲಿ ಸೇವೆ ಆರಂಭಿಸಿದ ಮೋಪಾ ‘ಜಿಒಎಕ್ಸ್’. ಟಿಕೆಟ್‌ನಲ್ಲಿ ಎರಡೂ ‘ಗೋವಾ’. ಇದರ ವಿರುದ್ಧ ದಿಕ್ಕಿನ ಉದಾಹರಣೆ ಫ್ರಾನ್ಸ್ ನೆಲದಲ್ಲಿದ್ದು ಸ್ವಿಟ್ಜರ್ಲೆಂಡಿನೊಂದಿಗೆ 1949ರ ಒಪ್ಪಂದದಂತೆ ನಡೆಯುವ ಬಾಸೆಲ್–ಮುಲೂಸ್ ನಿಲ್ದಾಣ. ರನ್‌ವೇ ಅದೇ, ಕಟ್ಟಡ ಅದೇ, ಆದರೆ ಸ್ವಿಸ್ ಬದಿಗೆ ‘ಬಿಎಸ್‌ಎಲ್’, ಫ್ರೆಂಚ್ ಬದಿಗೆ ‘ಎಂಎಲ್‌ಎಚ್’, ಎರಡಕ್ಕೂ ಸೇರಿ ‘ಇಎಪಿ’. ನೆಲ ನೋಡುವ ಪಟ್ಟಿಗೆ ಅದು ‘ಎಲ್‌ಎಫ್‌ಎಸ್‌ಬಿ’, ಫ್ರಾನ್ಸಿನದು.

ಇನ್ನು ದರ್ಜೆಗಳ ವಿಚಾರ. ಇಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಪದ ‘ಹಬ್’. ವಿಮಾನಯಾನ ಸಂಸ್ಥೆಯ ಬಾಯಲ್ಲಿ ಹಬ್ ಎಂದರೆ ಹಲವು ಊರುಗಳಿಂದ ಬಂದ ಪ್ರಯಾಣಿಕರು ವಿಮಾನ ಬದಲಿಸಿ ಹಲವು ಊರುಗಳಿಗೆ ಹೊರಡುವ ಸಂಧಿಸ್ಥಾನ. ಅಮೆರಿಕದ ಕಾನೂನಿನಲ್ಲಿ ಈ ಪದಕ್ಕೆ ವಿಮಾನ ಬದಲಿಸುವುದರೊಂದಿಗೆ ಯಾವ ಸಂಬಂಧವೂ ಇಲ್ಲ. ಅಲ್ಲಿ ಸಾರ್ವಜನಿಕ ಒಡೆತನದಲ್ಲಿದ್ದು, ನಿಗದಿತ ಪ್ರಯಾಣಿಕ ಸೇವೆ ಪಡೆಯುತ್ತ, ವರ್ಷಕ್ಕೆ ಕನಿಷ್ಠ 2,500 ಮಂದಿ ವಿಮಾನ ಹತ್ತುವ ನಿಲ್ದಾಣ ‘ವಾಣಿಜ್ಯ ಸೇವೆ’ಯದು. ಆ ಸಂಖ್ಯೆ 10,000 ದಾಟಿದರೆ ‘ಪ್ರೈಮರಿ’. ಅದರ ಮೇಲಿನ ಏಣಿಯನ್ನು ಪಾಲಿನಲ್ಲಿ ಅಳೆಯುತ್ತಾರೆ: ಇಡೀ ದೇಶದಲ್ಲಿ ವಿಮಾನ ಹತ್ತಿದವರಲ್ಲಿ ಶೇ 1 ಅಥವಾ ಹೆಚ್ಚಿನವರು ಒಂದೇ ನಿಲ್ದಾಣದಲ್ಲಿ ಹತ್ತಿದ್ದರೆ ಅದು ದೊಡ್ಡ ಹಬ್, ಶೇ 0.25ರಿಂದ 1ರೊಳಗಿದ್ದರೆ ಮಧ್ಯಮ ಹಬ್, ಶೇ 0.05ರಿಂದ 0.25ರೊಳಗಿದ್ದರೆ ಸಣ್ಣ ಹಬ್, ಅದಕ್ಕಿಂತ ಕಡಿಮೆಯಿದ್ದರೆ ಹಬ್ ಅಲ್ಲದ ಪ್ರೈಮರಿ. ಸರಕಿಗೆ ಬೇರೆಯೇ ಅಳತೆ. ಸರಕನ್ನಷ್ಟೇ ಹೊತ್ತು ಬಂದಿಳಿದ ವಿಮಾನಗಳ ಒಟ್ಟು ತೂಕ ವರ್ಷಕ್ಕೆ ಕಾನೂನು ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಅದು ಸರಕು ಸೇವೆಯ ನಿಲ್ದಾಣ; ಬಹುಕಾಲ ಆ ಮಿತಿ 10 ಕೋಟಿ ಪೌಂಡ್, ಅಂದರೆ ಸುಮಾರು 45,000 ಟನ್ ಆಗಿತ್ತು.

ಇದರ ಪರಿಣಾಮಗಳು ವಿಚಿತ್ರವಾಗಿ ಕಾಣುತ್ತವೆ. ಒಂದೇ ರನ್‌ವೇ ಇರುವ, ಬಹುತೇಕ ಪ್ರಯಾಣಿಕರು ಆ ಊರಿಗೇ ಬಂದು ಆ ಊರಿನಿಂದಲೇ ಹೋಗುವ ಸ್ಯಾನ್ ಡಿಯೇಗೊ ಕಾನೂನಿನ ಕಣ್ಣಿಗೆ ದೊಡ್ಡ ಹಬ್. ಫೆಡ್‌ಎಕ್ಸ್ ಸಂಸ್ಥೆಯ ಸರಕು ಜಾಲದ ಹೃದಯವಾಗಿ ರಾತ್ರಿಯಿಡೀ ವಿಮಾನಗಳಿಂದ ತುಂಬಿರುವ ಮೆಂಫಿಸ್, ಪ್ರಯಾಣಿಕರ ಲೆಕ್ಕದಲ್ಲಿ ದೊಡ್ಡ ಹಬ್ ಅಲ್ಲ. ಡೆಲ್ಟಾ ಸಂಸ್ಥೆ 2013ರಲ್ಲಿ ಅಲ್ಲಿನ ತನ್ನ ಸಂಧಿಸ್ಥಾನವನ್ನು ಮುಚ್ಚಿಕೊಂಡಿತು. ಎರಡನೆಯ ವಿಚಿತ್ರ, ದರ್ಜೆ ಪಾಲಿನ ಮೇಲೆ ನಿಂತಿರುವುದು. ದೇಶದಲ್ಲಿ ವರ್ಷಕ್ಕೆ 90 ಕೋಟಿ ಮಂದಿ ವಿಮಾನ ಹತ್ತಿದರೆ ದೊಡ್ಡ ಹಬ್ ಆಗಲು 90 ಲಕ್ಷ ಸಾಕು. ಒಟ್ಟು ಸಂಖ್ಯೆ 100 ಕೋಟಿಗೆ ಏರಿದರೆ 1 ಕೋಟಿ ಬೇಕು. ಆ ಅವಧಿಯಲ್ಲಿ 90 ಲಕ್ಷದಿಂದ 97 ಲಕ್ಷಕ್ಕೆ ಬೆಳೆದ ನಿಲ್ದಾಣ ಬೆಳೆದೂ ಕೆಳಗಿಳಿಯುತ್ತದೆ. ಅದು ಸೊರಗಿತೆಂದು ಸುದ್ದಿ ಬರೆಯುವವರು ಲೆಕ್ಕದ ಛೇದವನ್ನು ನೋಡಿರುವುದಿಲ್ಲ.

ಈ ದರ್ಜೆಗಳ ಉದ್ದೇಶ ಅನುದಾನದ ಹಂಚಿಕೆ. 10,000ದ ಗೆರೆಯ ಮಹತ್ವ ಅರ್ಥವಾಗುವುದು ಆಗಲೇ. ಆ ಗೆರೆ ದಾಟಿದ ಸಣ್ಣ ನಿಲ್ದಾಣಕ್ಕೆ ಬಹುಕಾಲ ಸಾಮಾನ್ಯವಾಗಿ ಸಿಗುತ್ತಿದ್ದ ಕನಿಷ್ಠ ವಾರ್ಷಿಕ ಪಾಲು 10 ಲಕ್ಷ ಡಾಲರ್. ವರ್ಷದ ಕೊನೆಯ ವಾರಗಳಲ್ಲಿ 9,800ರ ಆಸುಪಾಸಿನಲ್ಲಿರುವ ಊರಿನ ನಿಲ್ದಾಣಕ್ಕೆ ಇನ್ನು ಇನ್ನೂರು ಮಂದಿ ಎಷ್ಟು ಅಮೂಲ್ಯ ಎಂಬುದನ್ನು ಊಹಿಸಬಹುದು. ಹತ್ತುವವರನ್ನು ಮಾತ್ರ ಎಣಿಸುವುದರಿಂದ ಇನ್ನೊಂದು ಅಂಶವೂ ಸೇರಿಕೊಳ್ಳುತ್ತದೆ: ನಡುವೆ ವಿಮಾನ ಬದಲಿಸಿದವರು ಆ ನಡುವಿನ ನಿಲ್ದಾಣದಲ್ಲೂ ಒಮ್ಮೆ ಹತ್ತಿದವರಾಗಿ ಲೆಕ್ಕಕ್ಕೆ ಬರುತ್ತಾರೆ. ಜಾಗತಿಕ ಪಟ್ಟಿಗಳು ಹತ್ತಿದವರನ್ನೂ ಇಳಿದವರನ್ನೂ ಸೇರಿಸುತ್ತವೆ. ವರ್ಷಕ್ಕೆ 10 ಕೋಟಿ ಪ್ರಯಾಣಿಕರನ್ನು ಕಂಡ ಮೊದಲ ನಿಲ್ದಾಣವೆಂದು 2015ರಲ್ಲಿ ಅಟ್ಲಾಂಟಾ ಪಡೆದ ಹಿರಿಮೆ ಆ ಎಣಿಕೆಯದು, ಅಮೆರಿಕದ ಹಬ್ ಪಟ್ಟಿಯ ಎಣಿಕೆಗೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಎರಡು ಪಟ್ಟಿಗಳ ಅಂಕಿಗಳನ್ನು ಒಟ್ಟಿಗಿಟ್ಟು ಹೋಲಿಸುವುದು ಇಂದಿಗೂ ಸಾಮಾನ್ಯ ತಪ್ಪು.

ಯೂರೋಪ್ ಒಕ್ಕೂಟ ಕೇಳಿಕೊಂಡ ಪ್ರಶ್ನೆ ಬೇರೆ: ಸರ್ಕಾರದ ಹಣ ಸ್ಪರ್ಧೆಯನ್ನು ಎಲ್ಲಿ ಕೆಡಿಸುತ್ತದೆ? 2005ರ ಮಾರ್ಗಸೂಚಿಯಲ್ಲಿ ವರ್ಷಕ್ಕೆ 1 ಕೋಟಿಗೂ ಹೆಚ್ಚು ಪ್ರಯಾಣಿಕರಿದ್ದರೆ ‘ಎ’, 50 ಲಕ್ಷದಿಂದ 1 ಕೋಟಿಯವರೆಗೆ ‘ಬಿ’, 10ರಿಂದ 50 ಲಕ್ಷದವರೆಗೆ ‘ಸಿ’, ಅದಕ್ಕಿಂತ ಕಡಿಮೆಯಾದರೆ ‘ಡಿ’ ಎಂದು ವಿಂಗಡಿಸಲಾಗಿತ್ತು. 2014ರಲ್ಲಿ ಹೊಸ ಮಾರ್ಗಸೂಚಿ ಬಂತು. ನಿಲ್ದಾಣ ಶುಲ್ಕದ 2009ರ ನಿರ್ದೇಶನಕ್ಕೆ 50 ಲಕ್ಷ ಪ್ರಯಾಣಿಕರೇ ಗಡಿ. ಶಬ್ದಮಾಲಿನ್ಯದ 2002ರ ನಿರ್ದೇಶನ ಪ್ರಯಾಣಿಕರನ್ನು ಎಣಿಸುವುದೇ ಇಲ್ಲ. ವರ್ಷಕ್ಕೆ ವಿಮಾನಗಳ 50,000ಕ್ಕಿಂತ ಹೆಚ್ಚು ಏರಿಳಿತಗಳು, ಅಂದರೆ ಏರುವಿಕೆ ಮತ್ತು ಇಳಿಯುವಿಕೆಗಳು, ಇರುವುದು ಅದರ ಪಾಲಿಗೆ ಪ್ರಮುಖ ನಿಲ್ದಾಣ. ಶಬ್ದ ಮಾಡುವುದು ವಿಮಾನವಾದ್ದರಿಂದ ಅದು ಸರಿಯಾದ ಎಣಿಕೆಯೇ. ಭಾರತದಲ್ಲಿ ‘ಮೇಜರ್’ ಎಂಬ ದರ್ಜೆ ಹುಟ್ಟಿದ್ದು ಶುಲ್ಕ ನಿಗದಿಯ ಅಧಿಕಾರ ಯಾರದೆಂದು ತೀರ್ಮಾನಿಸಲು. 2008ರ ಕಾಯ್ದೆಯಲ್ಲಿ 15 ಲಕ್ಷ ಪ್ರಯಾಣಿಕರಿದ್ದ ಮಿತಿಯನ್ನು 2019ರ ತಿದ್ದುಪಡಿ 35 ಲಕ್ಷಕ್ಕೆ ಏರಿಸಿತು, 2021ರ ತಿದ್ದುಪಡಿ ನಿಲ್ದಾಣಗಳ ಗುಂಪನ್ನೇ ಒಂದು ಮೇಜರ್ ಎಂದು ಪರಿಗಣಿಸಲು ದಾರಿ ಮಾಡಿತು. ಗೆರೆ ಸರಿದಾಗ ಕೆಲವು ನಿಲ್ದಾಣಗಳ ದರ್ಜೆಯೂ ಬದಲಾಯಿತು, ಅಲ್ಲಿನ ರನ್‌ವೇ ಒಂದು ಅಡಿಯೂ ಬದಲಾಗಲಿಲ್ಲ.

ದಟ್ಟಣೆಯ ಲೆಕ್ಕದಲ್ಲಿ ಮೂರು ಹಂತಗಳಿವೆ. ಮೊದಲ ಹಂತದ ನಿಲ್ದಾಣದಲ್ಲಿ ಜಾಗ ಸಾಕಷ್ಟಿದೆ. ಎರಡನೆಯದರಲ್ಲಿ ಕೆಲವು ಹೊತ್ತಿನಲ್ಲಿ ಇಕ್ಕಟ್ಟಾಗಬಹುದಾದ್ದರಿಂದ ವೇಳಾಪಟ್ಟಿಯನ್ನು ಮಾತುಕತೆಯಿಂದ ಹೊಂದಿಸುತ್ತಾರೆ. ಮೂರನೆಯದರಲ್ಲಿ ಹಂಚಿಕೆಯಾದ ಸ್ಲಾಟ್, ಅಂದರೆ ಇಳಿಯಲು ಅಥವಾ ಏರಲು ಗೊತ್ತುಪಡಿಸಿದ ಹೊತ್ತು, ಇಲ್ಲದೆ ಇಳಿಯುವಂತಿಲ್ಲ, ಏರುವಂತಿಲ್ಲ. ಜಗತ್ತಿನಲ್ಲಿ 200ಕ್ಕೂ ಹೆಚ್ಚು ನಿಲ್ದಾಣಗಳು ಈ ಹಂತದಲ್ಲಿವೆ. ಪಡೆದ ಸ್ಲಾಟ್‌ಗಳಲ್ಲಿ ಶೇ 80ರಷ್ಟನ್ನಾದರೂ ಬಳಸಿದ ಸಂಸ್ಥೆಗೆ ಮುಂದಿನ ವರ್ಷದ ಅದೇ ಋತುವಿನಲ್ಲೂ ಅವು ಉಳಿಯುತ್ತವೆ. 2020ರಲ್ಲಿ ಸಾಂಕ್ರಾಮಿಕದಿಂದ ಪ್ರಯಾಣ ನಿಂತಾಗ, ಸ್ಲಾಟ್ ಉಳಿಸಿಕೊಳ್ಳಲು ಖಾಲಿ ವಿಮಾನ ಹಾರಿಸುವ ಸ್ಥಿತಿ ಬರಬಾರದೆಂದು ಈ ನಿಯಮವನ್ನು ಸಡಿಲಿಸಬೇಕಾಯಿತು. ವರ್ಷಕ್ಕೆ 4,80,000 ಏರಿಳಿತಗಳ ಮಿತಿಯಿರುವ ಹೀಥ್ರೂವಿನಂತಹ ಕಡೆ ಸ್ಲಾಟ್ ಎಂಬುದು ಕೋಟಿಗಟ್ಟಲೆ ಬೆಲೆಬಾಳುವ ಆಸ್ತಿ. ‘ಮೂರನೇ ಹಂತ’ ಎಂಬ ಮಾತು ಕೇಳಿ ಅದನ್ನು ಕೆಳದರ್ಜೆಯೆಂದು ಭಾವಿಸಿದವರು ಪೂರ್ತಿ ತಲೆಕೆಳಗಾಗಿ ಓದಿದಂತೆ.

ಎಂಜಿನಿಯರುಗಳ ದರ್ಜೆಯಲ್ಲಿ ಪ್ರಯಾಣಿಕನಿಗೆ ಜಾಗವೇ ಇಲ್ಲ. ಐಸಿಎಒದ ಉಲ್ಲೇಖ ಸಂಕೇತದಲ್ಲಿ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. ವಿಮಾನಕ್ಕೆ ಏರಲು ಬೇಕಾದ ರನ್‌ವೇ ಉದ್ದವನ್ನು 1ರಿಂದ 4ರವರೆಗಿನ ಅಂಕಿ ಹೇಳುತ್ತದೆ, 1,800 ಮೀಟರ್ ಮತ್ತು ಹೆಚ್ಚಾದರೆ 4. ರೆಕ್ಕೆಯ ತುದಿಯಿಂದ ತುದಿಗಿರುವ ಅಗಲವನ್ನು ‘ಎ’ಯಿಂದ ‘ಎಫ್’ವರೆಗಿನ ಅಕ್ಷರ ಹೇಳುತ್ತದೆ. 36 ಮೀಟರ್ ಒಳಗಿನ ಏರ್‌ಬಸ್ ಎ320 ಮತ್ತು ಬೋಯಿಂಗ್ 737 ‘ಸಿ’ಗೆ, 65 ಮೀಟರ್ ಒಳಗಿನ ಬೋಯಿಂಗ್ 777 ‘ಇ’ಗೆ, 79.75 ಮೀಟರ್ ಅಗಲದ ಎ380 ‘ಎಫ್’ಗೆ ಸೇರುತ್ತವೆ. ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿಗಳಾದ ಟ್ಯಾಕ್ಸಿವೇಗಳ ನಡುವಿನ ಅಂತರ, ನಿಲುಗಡೆಯ ಜಾಗ ಎಲ್ಲವೂ ಈ ಅಕ್ಷರದ ಮೇಲೆ ನಿಂತಿರುವುದರಿಂದ ಅದನ್ನು ಒಂದು ಮೆಟ್ಟಿಲು ಏರಿಸುವುದು ಅಪಾರ ಖರ್ಚಿನ ಕೆಲಸ. ಬೋಯಿಂಗ್ ತನ್ನ 777ಎಕ್ಸ್ ವಿಮಾನಕ್ಕೆ ಸುಮಾರು 72 ಮೀಟರ್ ಅಗಲದ ರೆಕ್ಕೆ ಕೊಟ್ಟು, ನೆಲದ ಮೇಲೆ ಅದರ ತುದಿಗಳು ಮಡಚಿ 65 ಮೀಟರ್ ಒಳಗೆ ಬರುವಂತೆ ರೂಪಿಸಿದ್ದು ಇದೇ ಕಾರಣಕ್ಕೆ. ಜಗತ್ತಿನ ನಿಲ್ದಾಣಗಳನ್ನೆಲ್ಲ ಅಗಲಗೊಳಿಸುವುದಕ್ಕಿಂತ ರೆಕ್ಕೆಯನ್ನು ಮಡಚುವುದು ಸುಲಭವೆಂದು ಒಂದು ವಿಮಾನದ ವಿನ್ಯಾಸಕಾರರು ತೀರ್ಮಾನಿಸಿದರು.

ಕೊನೆಗೆ ಉಳಿಯುವುದು ನಿಲ್ದಾಣದ ನೆತ್ತಿಯ ಮೇಲೆ ಅತಿ ದೊಡ್ಡ ಅಕ್ಷರಗಳಲ್ಲಿ ಬರೆಯುವ ‘ಅಂತರರಾಷ್ಟ್ರೀಯ’ ಎಂಬ ಪದ. ಷಿಕಾಗೋ ಒಪ್ಪಂದದ ಅನುಬಂಧಗಳಲ್ಲಿ ಇದಕ್ಕೆ ನಿರ್ದಿಷ್ಟ ಅರ್ಥವಿದೆ: ವಿದೇಶಿ ಸಂಚಾರದ ಆಗಮನ, ನಿರ್ಗಮನಕ್ಕೆಂದು ಆ ದೇಶವೇ ಗೊತ್ತುಪಡಿಸಿದ, ಕಸ್ಟಮ್ಸ್, ವಲಸೆ ತಪಾಸಣೆ, ಸಾರ್ವಜನಿಕ ಆರೋಗ್ಯ, ಪ್ರಾಣಿ ಮತ್ತು ಸಸ್ಯಗಳ ಕ್ವಾರಂಟೈನ್‌ನಂತಹ ಕ್ರಮಗಳು ನಡೆಯುವ ನಿಲ್ದಾಣ. ಈ ವ್ಯಾಖ್ಯಾನದಲ್ಲಿ ಕಟ್ಟಡದ ಗಾತ್ರದ ಮಾತಿಲ್ಲ, ಪ್ರಯಾಣಿಕರ ಸಂಖ್ಯೆಯ ಮಾತೂ ಇಲ್ಲ. ಹೆಸರಿನಲ್ಲಿ ಆ ಪದವಿದ್ದೂ ಒಂದೂ ನಿಗದಿತ ವಿದೇಶಿ ವಿಮಾನ ಹಾರದ ನಿಲ್ದಾಣಗಳು ಇರುವುದು ಇದರಿಂದಲೇ ಸಾಧ್ಯ, ಮತ್ತು ಹೆಸರಿಗೆ ಆ ಪದ ಸೇರಿಸಿದ ಮಾತ್ರಕ್ಕೆ ವಿದೇಶಿ ವಿಮಾನ ಬಂದಿಳಿಯುತ್ತದೆಂಬ ಭರವಸೆಯನ್ನು ಊರಿನ ಜನರಿಗೆ ಕೊಡುವುದು ಅನ್ಯಾಯ. ನಿಜವಾದ ಸ್ಥಿತಿ ಪ್ರತಿ ದೇಶವೂ ಹೊರಡಿಸುವ ವೈಮಾನಿಕ ಮಾಹಿತಿ ಪ್ರಕಟಣೆಯಲ್ಲಿ ಇರುತ್ತದೆ. ಅಲ್ಲಿ ನಾಲ್ಕಕ್ಷರದ ಗುರುತಿನ ಎದುರು ಕಸ್ಟಮ್ಸ್ ಮತ್ತು ವಲಸೆ ತಪಾಸಣೆಯ ಸಾಲಿದೆ, ಅವು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ತೆರೆದಿರುತ್ತವೆ ಎಂಬುದನ್ನೂ ಆ ಸಾಲು ಹೇಳುತ್ತದೆ.